ಡಮಾಮಿನ ಮರ: ಒಬ್ಬ ಸಿದ್ದಿ ಮರಶಿಲ್ಪಿಯ ಪ್ರಕರಣ

ಕರಕುಶಲಕರ್ಮಿಗಳಿಗೆ ವಿನ್ಯಾಸ ಮತ್ತು ಮಾರಾಟದ ನೆರವು ನೀಡುವ ಒಂದು ಸಣ್ಣ ಗುಂಪಿನ ಕೆಲಸದ ನಡುವೆ ಎದುರಾದ ಪ್ರಕರಣ ಇದು. ಶಿಲ್ಪಿಯ ಹೆಸರು, ಊರು, ಕೊಂಡವರ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಲು ಅನುವಾಗಬಹುದಾದ ಕೌಟುಂಬಿಕ ವಿವರಗಳನ್ನು ಬದಲಿಸಲಾಗಿದೆ. ಸಿದ್ದಿ ಸಮುದಾಯದ ಕಲಾವಿದರೊಂದಿಗೆ ಕೆಲಸ ಮಾಡುವವರಿಗೆ, ಹಾಗೆಯೇ ಕಲಾಶಾಲೆಯ ಮೆಟ್ಟಿಲು ಹತ್ತದೆ ಉಳಿ ಹಿಡಿದವರ ಜೊತೆ ವ್ಯವಹರಿಸುವವರಿಗೆ ಉಪಯೋಗವಾದೀತೆಂದು ಇದನ್ನು ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ, ಅಲ್ಪಸ್ವಲ್ಪವಾಗಿ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾ ಮೂಲದವರು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ನಂತರದ ಶತಮಾನಗಳಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು ಎಂಬುದು ಅವರ ಚರಿತ್ರೆಯ ಮುಖ್ಯ ಎಳೆ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಅವರ ಮೂಲವನ್ನು ಬಾಂಟೂ ಭಾಷಿಕ ಜನರೊಂದಿಗೆ ಜೋಡಿಸಿವೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮನೆಯಲ್ಲಿ ಕೊಂಕಣಿ, ಮರಾಠಿ ಬೆರೆತ ಮಾತು, ಸಂತೆಯಲ್ಲಿ ಕನ್ನಡ. 2003ರಲ್ಲಿ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ತಾವು ಆಫ್ರಿಕಾದಿಂದ ಬಂದವರೆಂಬ ಅರಿವು ಇದ್ದರೂ ಯಾವ ಊರು, ಯಾವ ಕುಲ, ಯಾವ ಭಾಷೆ ಎಂಬ ನೆನಪನ್ನು ಗುಲಾಮಗಿರಿ ಅಳಿಸಿಹಾಕಿದೆ. ಮುಂದೆ ಹೇಳುವ ತೊಡಕಿಗೆಲ್ಲ ಈ ಮಾತೇ ಬುಡ.

ನಮ್ಮ ಶಿಲ್ಪಿ ಮೂವತ್ತರ ಆಸುಪಾಸಿನವರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಪೇಟೆಯ ಬಡಗಿಯೊಬ್ಬರ ಕೈಕೆಳಗೆ ಬಾಗಿಲು, ಕಿಟಕಿ ಮಾಡುವ ಕೆಲಸಕ್ಕೆ ಸೇರಿದ್ದರು. ಮಳೆಗಾಲದಲ್ಲಿ ಕೆಲಸವಿಲ್ಲದಾಗ ಉಳಿದ ಮರದ ತುಂಡುಗಳಲ್ಲಿ ಹಂದಿ, ಕಾಡುಕೋಳಿ, ಹೊರೆ ಹೊತ್ತ ಹೆಂಗಸು ಇಂಥವನ್ನು ಕೆತ್ತುವ ಅಭ್ಯಾಸ ಬೆಳೆಯಿತು. ಪೇಟೆಯಲ್ಲಿ ಸಿಗುವ ಕೆತ್ತನೆಯ ಉಳಿಗಳ ಬೆಲೆ ಕೈಗೆಟುಕದ್ದರಿಂದ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಮ್ಮಾರರ ಕುಲುಮೆಯಲ್ಲಿ ಕಾಯಿಸಿ ತಟ್ಟಿಸಿ, ತಮಗೆ ಬೇಕಾದ ಬಾಗಿನ ಉಳಿಗಳನ್ನು ಮಾಡಿಸಿಕೊಂಡಿದ್ದರು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಯ ಮಗನಾಗಿ ಹುಟ್ಟಿದ ವಿಲಿಯಂ ಎಡ್ಮಂಡ್‌ಸನ್ ಹೀಗೆಯೇ ರೈಲು ಹಳಿಯ ಮೊಳೆಗಳನ್ನು ಉಳಿಯಾಗಿಸಿಕೊಂಡು, ಕೆಡವಿದ ಕಟ್ಟಡಗಳ ಸುಣ್ಣಕಲ್ಲಿನಲ್ಲಿ ಗೋರಿಕಲ್ಲುಗಳನ್ನೂ ಮೂರ್ತಿಗಳನ್ನೂ ಕಡೆಯುತ್ತಿದ್ದರು. 1937ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನ ಕಂಡ ಮೊದಲ ಕಪ್ಪು ಕಲಾವಿದ ಅವರು. ಆ ಮನ್ನಣೆಯ ನಡುವೆಯೂ ವಿಮರ್ಶಕರು ಅವರ ಕೆಲಸವನ್ನು ‘ಆದಿಮ’ ಎಂದೇ ಕರೆದರು. ಹೊಗಳಿಕೆಯಲ್ಲಿ ಅಡಗಿದ ಆ ತಗ್ಗಿಸುವಿಕೆಯ ನೆರಳು ನಮ್ಮ ಪ್ರಕರಣದ ಮೇಲೂ ಬಿತ್ತು.

ಸಮಸ್ಯೆ

ದಾಂಡೇಲಿ, ಜೋಯಿಡಾ ಸುತ್ತಿನ ಹೋಂಸ್ಟೇಗಳಿಗೆ ಪ್ರವಾಸಿಗರು ಹೆಚ್ಚಾದಂತೆ ಗೋಡೆಯ ಅಲಂಕಾರಕ್ಕೂ ಬೇಡಿಕೆ ಹುಟ್ಟಿತು. ಬಾಗಿಲು ಕೂರಿಸಲು ಹೋದ ಮನೆಯಲ್ಲಿ ಇವರ ಕೆತ್ತನೆಯನ್ನು ಕಂಡ ಹೋಂಸ್ಟೇ ಮಾಲೀಕರೊಬ್ಬರು ಮೊಬೈಲಿನಲ್ಲಿ ಆಫ್ರಿಕಾದ ಮುಖವಾಡಗಳ ಚಿತ್ರ ತೋರಿಸಿ, “ನಿಮ್ಮವರದೇ ಅಲ್ಲವೇ, ಇಂಥದ್ದು ಮಾಡಿಕೊಡಿ” ಎಂದರು. ಶಿಲ್ಪಿ ಮಾಡಿಕೊಟ್ಟರು. ಚಿತ್ರಗಳನ್ನು ಹುಡುಕುತ್ತ ಹೋದಂತೆ ಅವರಿಗೇ ಹುಚ್ಚು ಹತ್ತಿತು. ತನ್ನಂಥದೇ ಮೂಗು, ತುಟಿ, ಕೂದಲಿನ ಮುಖಗಳನ್ನು ಜಗತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವಿಸುತ್ತದೆ ಎಂಬುದನ್ನು ಮೊದಲ ಬಾರಿ ಕಂಡಾಗ ಆದ ಹಿಗ್ಗನ್ನು ಅವರು ನಮ್ಮೊಡನೆ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಪೇಟೆಯಲ್ಲಿ ನಡೆದು ಹೋಗುವಾಗ “ಯಾವ ದೇಶ?” ಎಂದು ಕೇಳಿಸಿಕೊಂಡು, ಇಲ್ಲವೇ ಅದಕ್ಕಿಂತ ಕೀಳಾದ ಮಾತು ಕೇಳಿಸಿಕೊಂಡು ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ಈ ಮುಖವಾಡಗಳನ್ನು ಬರೀ ಮಾರುಕಟ್ಟೆಯ ನಕಲು ಎಂದು ತಳ್ಳಿಹಾಕುವುದು ಅನ್ಯಾಯ.

ಕೆಲಸ ನಮ್ಮ ಬಳಿಗೆ ಬಂದದ್ದು ಬೆಂಗಳೂರಿನ ಒಂದು ಅಂಗಡಿಯೊಂದಿಗಿನ ವ್ಯವಹಾರ ಮುರಿದಾಗ. ದೊಡ್ಡ ಪ್ರಮಾಣದಲ್ಲಿ ಮುಖವಾಡ ತರಿಸಿಕೊಂಡ ಅಂಗಡಿಯವರು, ಕೆಲವೇ ವಾರಗಳಲ್ಲಿ ಅರ್ಧದಷ್ಟು ಬಿರುಕು ಬಿಟ್ಟಿವೆಯೆಂದು ಹಿಂದಿರುಗಿಸಿ, ಉಳಿದವುಗಳ ಹಣವನ್ನೂ ತಡೆಹಿಡಿದರು. ಹಸಿಮರವನ್ನು ಕೆತ್ತಿ ಘಟ್ಟದ ತೇವದಿಂದ ಎಸಿ ಕೋಣೆಗೆ ಕಳಿಸಿದರೆ ಆಗುವುದು ಅದೇ. ಶಿಲ್ಪಿ ಕೇಳಿದ್ದು ಒಂದೇ: ಬಿರುಕು ನಿಲ್ಲಿಸುವುದು ಹೇಗೆ? ನಾವು ಹೋಗಿ ನೋಡಿದಾಗ ಇನ್ನೆರಡು ಪ್ರಶ್ನೆಗಳೂ ಎದುರಾದವು.

ಮೊದಲನೆಯದು ಚೀಟಿಯದು. ಅಂಗಡಿಯವರು ಪ್ರತಿ ಮುಖವಾಡಕ್ಕೂ ಅಂಟಿಸಿದ್ದ ಚೀಟಿಯಲ್ಲಿ ಇದು ಸಿದ್ದಿ ಬುಡಕಟ್ಟು ಆಫ್ರಿಕಾದಿಂದ ತಂದು ಕಾಪಾಡಿಕೊಂಡ ಪ್ರಾಚೀನ ಮುಖವಾಡ ಪರಂಪರೆ ಎಂದಿತ್ತು. ಇದು ಶುದ್ಧ ಸುಳ್ಳು. ಶಿಲ್ಪಿ ಹೆಚ್ಚಾಗಿ ನೋಡಿ ಮಾಡುತ್ತಿದ್ದದ್ದು ಗ್ಯಾಬನ್ ಕಡೆಯ ಫಾಂಗ್ ಜನರ, ಬಿಳಿಮಣ್ಣು ಬಳಿದ ನೀಳ ಮುಖವಾಡಗಳನ್ನು ಮತ್ತು ಲೈಬೀರಿಯಾ, ಐವರಿ ಕೋಸ್ಟ್ ಭಾಗದ ಡಾನ್ ಜನರ ನುಣುಪಾದ ಮುಖಗಳನ್ನು. ಅವೆಲ್ಲ ಖಂಡದ ಪಶ್ಚಿಮದ ಅಂಚಿನವು. ಸಿದ್ದಿಯರ ಪೂರ್ವಿಕರನ್ನು ಹಡಗು ಹತ್ತಿಸಿದ್ದು ಪೂರ್ವದ ಕರಾವಳಿಯಿಂದ.

ಎರಡನೆಯದು ಮನೆಯೊಳಗಿನದು. ಜಗಲಿಯಲ್ಲಿ ಒಣಗಲು ಸಾಲಾಗಿಟ್ಟಿದ್ದ ಮುಖವಾಡಗಳನ್ನು ತೋರಿಸಿ ಶಿಲ್ಪಿಯ ಚಿಕ್ಕಮ್ಮ ಒಮ್ಮೆ ನಮ್ಮೆದುರಿಗೇ ಕೇಳಿದರು, “ಯಾರ ಮೋರೆನೋ ಇದು?” “ಆಫ್ರಿಕಾದ್ದು ಮಾವಶಿ” ಎಂದರು ಶಿಲ್ಪಿ. “ಆಫ್ರಿಕಾ ಅಂದ್ರೆ ಒಂದೇ ಊರಾ? ಯಾರದೋ ಹಿರಿಯರ ಮೋರೆ ತಂದು ನಮ್ಮ ಜಗಲಿ ಮೇಲೆ ಇಟ್ಟೀಯಲ್ಲ.” ಅವರ ಮಾತಿನಲ್ಲಿ ಕೋಪಕ್ಕಿಂತ ಅಂಜಿಕೆಯೇ ಹೆಚ್ಚಿತ್ತು. ಹಿಂದೂ ಸಿದ್ದಿಯರ ಮನೆಗಳಲ್ಲಿ ಹಿರಿಯರಿಗೆ ಪೂಜೆಯ ಸ್ಥಾನ ಇರುತ್ತದೆ; ಗೊತ್ತಿಲ್ಲದವರ ಮುಖವನ್ನು ಒಳಗೆ ತರುವುದು ಅವರ ಪಾಲಿಗೆ ಅಲಂಕಾರದ ಪ್ರಶ್ನೆಯಲ್ಲ. ಊರಿನ ಯುವಕರಲ್ಲೂ ಎರಡು ಮಾತಿತ್ತು. ಕೆಲವರಿಗೆ ಮುಖವಾಡ ಹೆಮ್ಮೆ. ಕೆಲವರಿಗೆ, ಪ್ರವಾಸಿಗರು ಅದನ್ನು ಮುಖಕ್ಕೆ ಹಿಡಿದು ಕುಣಿದು ಫೋಟೊ ತೆಗೆಸಿಕೊಳ್ಳುವುದನ್ನು ಕಂಡ ಮೇಲೆ, ಅವಮಾನ.

ಮಾಡಿ ನೋಡಿದ್ದು

ಬಿರುಕಿನ ಕೆಲಸವನ್ನು ಮೊದಲು ಕೈಗೆತ್ತಿಕೊಂಡೆವು, ಏಕೆಂದರೆ ತಡೆಹಿಡಿದ ಹಣ ಅದಕ್ಕೇ ಕಟ್ಟಿಬಿದ್ದಿತ್ತು. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯತ್ತ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ನಡುತಿರುಳು ಒಳಗೇ ಉಳಿದ ದಿಂಡು ಒಂದಲ್ಲ ಒಂದು ಕಡೆ ಸೀಳಲೇಬೇಕು. ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ನಿಧಾನವಾಗಿ ಒಣಗಿಸುವುದು, ತಿರುಳನ್ನು ಬಿಟ್ಟು ಪಕ್ಕದ ಹೋಳನ್ನು ಬಳಸುವುದು, ಮುಖವಾಡದ ಹಿಂಬದಿಯನ್ನು ಒಂದೇ ದಪ್ಪಕ್ಕೆ ಬಗೆಯುವುದು ಇವಿಷ್ಟನ್ನು ರೂಢಿಸಿದಾಗ ಹಾನಿ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ದಪ್ಪ ದಿಂಡಿನಲ್ಲಿ ದೊಡ್ಡದನ್ನು ಮಾಡುವ ಅವರ ಆಸೆಗೆ ಇದರಲ್ಲಿ ಉತ್ತರವಿರಲಿಲ್ಲ.

ಮರದ ಮೂಲವನ್ನೂ ನೇರ್ಪಡಿಸಬೇಕಿತ್ತು. ಕೊಂಡವರೊಬ್ಬರು ಬೀಟೆಯಲ್ಲೇ ಬೇಕೆಂದು ಪಟ್ಟು ಹಿಡಿದಿದ್ದರು. ಬೀಟೆ ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನಗಳ ಮೇಲೆ ಹಕ್ಕು ಕೊಡುತ್ತದೆಯೇ ಹೊರತು ನಾಟಾದ ಮೇಲಲ್ಲ. ಅದರ ಮೇಲೆ 2017ರಿಂದ ಬೀಟೆಯ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೂ ಸೇರಿವೆ. ಕಾಡಂಚಿನ ಸಿದ್ದಿಯೊಬ್ಬರ ಮನೆಯಲ್ಲಿ ರಸೀದಿಯಿಲ್ಲದ ಬೀಟೆಯ ತುಂಡು ಸಿಕ್ಕರೆ ಅನುಭವಿಸುವವರು ಅವರೇ ಹೊರತು ಬೆಂಗಳೂರಿನ ಕೊಳ್ಳುಗರಲ್ಲ. ಆದ್ದರಿಂದ ತೋಟದ ಹಲಸು ಮತ್ತು ಶಿವನಿ ಮರ ಮಾತ್ರ, ಅದೂ ಮಾರಿದವರ ಸಹಿಯಿರುವ ಚೀಟಿಯೊಂದಿಗೆ, ಎಂದು ಶಿಲ್ಪಿ ತೀರ್ಮಾನಿಸಿದರು. ಬೀಟೆಯ ಗಿರಾಕಿ ಕೈಬಿಟ್ಟುಹೋದರು.

ಮುಂದಿನ ಪ್ರಯತ್ನವಾಗಿ ಮಲೆನಾಡಿನ ಗುಡಿಗಾರ ಮನೆತನದ ಹಿರಿಯ ಕೆತ್ತನೆಗಾರರೊಬ್ಬರ ಬಳಿ ಕೆಲಕಾಲ ಕಲಿಯಲು ವ್ಯವಸ್ಥೆಯಾಯಿತು. ಸಾಗರ, ಸೊರಬ, ಶಿರಸಿಯ ಗುಡಿಗಾರರು ಗಂಧ ಮತ್ತು ಶಿವನಿಯ ಕೆತ್ತನೆಗೆ ತಲೆಮಾರುಗಳಿಂದ ಹೆಸರಾದವರು. ಉಳಿಯನ್ನು ಮಸೆಯುವ ಬಗೆ, ಮರದ ಎಳೆಯನ್ನು ಓದುವ ಬಗೆ, ಕೆತ್ತುವ ಮೊದಲು ಗೆರೆ ಹಾಕಿಕೊಳ್ಳುವ ಶಿಸ್ತು ಇವೆಲ್ಲ ಶಿಲ್ಪಿಗೆ ಅಲ್ಲಿ ದಕ್ಕಿದವು. ಆದರೆ ಹಿಂದಿರುಗಿದ ಮೇಲೆ ಅವರ ಕೈಯಿಂದ ಬಂದದ್ದು ಬಳ್ಳಿ, ಆನೆ, ನವಿಲು. ನುಣುಪು ಹೆಚ್ಚಿತು, ಹಿಂದಿನ ಹಂದಿ ಮತ್ತು ಹೊರೆ ಹೊತ್ತ ಹೆಂಗಸಿನ ಮೈಯಲ್ಲಿದ್ದ ಬಿಗುವು ಹೋಯಿತು. ಗುಡಿಗಾರರ ಮಕ್ಕಳು ತನಗಿಂತ ಚೆನ್ನಾಗಿ ಮಾಡುವುದನ್ನು ತಾನೇಕೆ ಮಾಡಬೇಕು ಎಂದು ಶಿಲ್ಪಿಯೇ ಅದನ್ನು ನಿಲ್ಲಿಸಿದರು. ಅದು ಸರಿಯಾದ ತೀರ್ಮಾನ ಎಂಬುದು ನನ್ನ ಅಭಿಪ್ರಾಯ. ನಮ್ಮ ಗುಂಪಿನಲ್ಲಿ ಒಪ್ಪದವರೂ ಇದ್ದರು, ಆನೆ ನವಿಲುಗಳಿಗೆ ಸರ್ಕಾರಿ ಮಳಿಗೆಗಳಲ್ಲಿ ಖಾತ್ರಿ ಬೇಡಿಕೆ ಇದೆ ಎಂಬುದು ಅವರ ವಾದ.

ಇದೇ ಹೊತ್ತಿನಲ್ಲಿ ಚಿತ್ರಗಳನ್ನು ಪ್ರದೇಶವಾರು ವಿಂಗಡಿಸಿ ನೋಡುವ ಕೆಲಸವೂ ನಡೆಯಿತು. ಆಫ್ರಿಕಾದ ನಕ್ಷೆಯನ್ನು ಗೋಡೆಗೆ ಅಂಟಿಸಿ, ಫೋನಿನಲ್ಲಿದ್ದ ಒಂದೊಂದು ಚಿತ್ರವೂ ಯಾವ ಜನರದ್ದು ಎಂದು ಗುರುತಿಸುತ್ತ ಹೋದೆವು. ದಕ್ಷಿಣ ತಾಂಜಾನಿಯಾ ಮತ್ತು ಉತ್ತರ ಮೊಜಾಂಬಿಕ್‌ನ ಮಕೊಂಡೆ ಜನರ ಕೆತ್ತನೆ ಶಿಲ್ಪಿಯನ್ನು ಹಿಡಿದು ನಿಲ್ಲಿಸಿತು. ಮಕೊಂಡೆಯರು ಬಳಸುವ ಕಪ್ಪು ಮರ ಎಂಪಿಂಗೊ ನಮ್ಮ ಬೀಟೆಯದೇ ಕುಲದ್ದು. ಒಂದೇ ದಿಂಡಿನಲ್ಲಿ ಹತ್ತಾರು ಜನ ಒಬ್ಬರ ಮೇಲೊಬ್ಬರು ಏರಿ, ಒಬ್ಬರನ್ನೊಬ್ಬರು ಹೊತ್ತು ನಿಂತ ಅವರ ‘ಉಜಾಮಾ’ ಕಂಬಗಳನ್ನು ಕಂಡು, ತಾನು ಮಾಡಬೇಕಾದದ್ದು ಇದೇ ಎಂದರು ಶಿಲ್ಪಿ.

ಇಲ್ಲಿ ನಾವು ಎಚ್ಚರ ವಹಿಸಬೇಕಾದ ಸಂಗತಿಯೊಂದಿತ್ತು. ಈ ಕಂಬಗಳೂ ಅನಾದಿ ಕಾಲದವಲ್ಲ. 20ನೇ ಶತಮಾನದ ನಡುಭಾಗದಲ್ಲಿ, ಮೊಜಾಂಬಿಕ್‌ನಿಂದ ದಾರ್ ಎಸ್ ಸಲಾಮಿನ ಸುತ್ತಮುತ್ತ ವಲಸೆ ಬಂದ ಮಕೊಂಡೆ ಕೆತ್ತನೆಗಾರರು, ಬಹುಪಾಲು ಹೊರಗಿನ ಕೊಳ್ಳುಗರನ್ನು ಎದುರಿಗಿಟ್ಟುಕೊಂಡೇ ಬೆಳೆಸಿದ ಶೈಲಿ ಅದು. ಅಂದರೆ ಮಾರುಕಟ್ಟೆಗಾಗಿ ಹುಟ್ಟಿದ್ದು ಸುಳ್ಳು, ಪೂಜೆಗಾಗಿ ಹುಟ್ಟಿದ್ದು ನಿಜ ಎಂಬ ಸರಳ ಅಳತೆಗೋಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಊರು ಬಿಟ್ಟು ಬಂದವರು ಕೊಳ್ಳುಗರ ಕಣ್ಣೆದುರು ಹೊಸದನ್ನು ಕಟ್ಟಿ, ಅದರಲ್ಲಿ ತಮ್ಮವರನ್ನೇ ಕೂರಿಸಿದ್ದರು. ಶಿಲ್ಪಿಗೆ ಈ ಕಥೆ ಹೇಳಿದಾಗ ಅವರ ನಿರಾಶೆಗಿಂತ ಸಮಾಧಾನವೇ ಹೆಚ್ಚಾದದ್ದು ನಮಗೆ ಅನಿರೀಕ್ಷಿತವಾಗಿತ್ತು.

ತಿರುವು

ಮೊದಲ ಕಂಬಗಳೆಲ್ಲ ಸೀಳಿದವು. ಅಷ್ಟು ದಪ್ಪ ಹಲಸಿನ ದಿಂಡನ್ನು ಒಣಗಿಸುವ ಕೊಠಡಿ ನಮ್ಮಲ್ಲಿಲ್ಲ, ವರ್ಷಗಟ್ಟಲೆ ಕಾಯುವ ತಾಳ್ಮೆ ಮನೆಯ ಖರ್ಚಿಗೆ ಇಲ್ಲ. ಆಗ ಪರಿಹಾರ ಬಂದದ್ದು ಶಿಲ್ಪಿಯ ಸೋದರಮಾವನಿಂದ. ಮದುವೆ ಮತ್ತು ಹಬ್ಬಗಳಲ್ಲಿ ಸಿದ್ದಿಯರು ನುಡಿಸುವ ಡಮಾಮ್ ಎಂಬ ಚರ್ಮವಾದ್ಯದ ಪೊಳ್ಳು ಒಡಲನ್ನು ಮರದ ದಿಂಡಿನಿಂದ ಬಗೆದು ಮಾಡಬಲ್ಲ ಕೆಲವೇ ಹಿರಿಯರಲ್ಲಿ ಅವರೊಬ್ಬರು. ಸೀಳಿದ ಕಂಬವನ್ನು ನೋಡಿ ಅವರು, “ಹೊಟ್ಟೆ ತುಂಬ ಮರ ಇಟ್ಟುಕೊಂಡು ಅದು ಹೇಗೆ ತಡೀತದೆ? ಮೊದಲು ಹೊಟ್ಟೆ ತೆಗಿ” ಎಂದರು. ಹಸಿ ದಿಂಡನ್ನು ಎರಡೂ ತುದಿಯಿಂದ ಬಗೆದು ನಡುತಿರುಳನ್ನೇ ಹೊರಹಾಕಿ, ಗೋಡೆಯನ್ನು ಒಂದೇ ದಪ್ಪಕ್ಕೆ ತಂದು, ಹುಲ್ಲಿನಲ್ಲಿ ಮುಚ್ಚಿಟ್ಟು ನಿಧಾನವಾಗಿ ಒಣಗಿಸುವ ಕ್ರಮವನ್ನು ಅವರೇ ಮಾಡಿ ತೋರಿಸಿದರು. ಮರವಿಜ್ಞಾನದ ಪುಸ್ತಕ ಹೇಳುವುದೂ ಇದನ್ನೇ: ತಿರುಳು ಹೋದರೆ ಹೊರವಲಯ ಕುಗ್ಗಲು ಜಾಗ ಸಿಗುತ್ತದೆ. ಮುಖವಾಡದ ಹಿಂಬದಿಯನ್ನು ಬಗೆಯಲು ಹೇಳಿದ ನಮಗೂ, ಬಾಲ್ಯದಿಂದ ಡಮಾಮಿನ ಪಕ್ಕದಲ್ಲೇ ಬೆಳೆದ ಶಿಲ್ಪಿಗೂ ಕಂಬವನ್ನು ಹಾಗೆ ಬಗೆಯುವುದು ಹೊಳೆದಿರಲಿಲ್ಲ.

ಪೊಳ್ಳಾದ ದಿಂಡು ಕೈಗೆ ಬಂದ ಕೂಡಲೇ ಶಿಲ್ಪದ ರೂಪವೂ ಬದಲಾಯಿತು. ಒಳಗೆ ಮರವಿಲ್ಲದ್ದರಿಂದ ಮಕೊಂಡೆ ಕಂಬದಂತೆ ಆಳಕ್ಕೆ ಕೊರೆಯುವಂತಿಲ್ಲ. ಆಕೃತಿಗಳು ಗೋಡೆಯ ದಪ್ಪದಲ್ಲೇ ಒಂದನ್ನೊಂದು ತಬ್ಬಿಕೊಂಡು ಸುತ್ತ ಹರಿಯಬೇಕು. ಹಾಗೆ ಬಂದವರು ಊರಿನವರೇ: ಕಟ್ಟಿಗೆ ಹೊರೆಯ ಹೆಂಗಸು, ಜೇನು ಇಳಿಸುವವನು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡವಳು, ಗದ್ದೆಯಲ್ಲಿ ಬಾಗಿದವರು. ಆಕೃತಿಗಳ ನಡುವಿನ ಖಾಲಿ ಜಾಗವನ್ನು ಏನು ಮಾಡುವುದೆಂಬ ತೊಡಕನ್ನು ಬಿಡಿಸಿದ್ದು ಕೌದಿ. ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ‘ಫುಲ’ ಎಂಬ ಮಡಿಕೆಯ ಹೂವನ್ನು ಇಡದಿದ್ದರೆ ಕೌದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ. ಆ ಹೊಲಿಗೆಯ ಸಾಲುಗಳು ಕಿರು ಉಳಿಯ ಗೆರೆಗಳಾಗಿ ಕಂಬದ ಮೈ ತುಂಬಿದವು. ಕಂಬದ ಬುಡಕ್ಕೆ ಫುಲ ಇಡಬೇಕೆಂದು ಹಟ ಹಿಡಿದು ಇಡಿಸಿದವರು, ಮೋರೆ ಯಾರದೆಂದು ಕೇಳಿದ ಅದೇ ಚಿಕ್ಕಮ್ಮ.

ಎಲ್ಲವೂ ಸಲೀಸಾಗಿ ನಡೆಯಿತೆಂದು ಅರ್ಥವಲ್ಲ. ಪೊಳ್ಳು ಕಂಬಕ್ಕೆ ಚರ್ಮ ಬಿಗಿದು ನಿಜವಾದ ಡಮಾಮಿನಂತೆ ನುಡಿಯುವ ಶಿಲ್ಪ ಮಾಡುವ ವಿಚಾರ ಬಂದಾಗ ಸೋದರಮಾವ ಖಡಾಖಂಡಿತ ಬೇಡವೆಂದರು. ಆ ಊರಿನಲ್ಲಿ ಡಮಾಮ್ ಬಾರಿಸುವ ಮೊದಲು ಕಾಯಿ ಒಡೆಯುತ್ತಾರೆ. ಮಾರಾಟದ ವಸ್ತುವಿಗೆ ಚರ್ಮ ಬಿಗಿದರೆ ಅದು ಯಾರದೋ ಡ್ರಾಯಿಂಗ್ ರೂಮಿನಲ್ಲಿ ಕಾಯಿಯಿಲ್ಲದೆ ಬಡಿಸಿಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ನಮ್ಮಲ್ಲಿ ಒಬ್ಬರು ಇದನ್ನು ಮೂಢನಂಬಿಕೆ ಎಂದರೂ, ಶಿಲ್ಪಿ ಮಾವನ ಮಾತಿಗೆ ಬದ್ಧರಾದರು. ಕಂಬಗಳ ಬಾಯಿ ತೆರೆದೇ ಉಳಿಯಿತು. ಶಿಲ್ಪದ ದೃಷ್ಟಿಯಿಂದಲೂ ಇದು ಒಳ್ಳೆಯದೇ ಆಯಿತು, ಮೇಲಿನಿಂದ ಬೆಳಕು ಒಳಗಿಳಿದು ಉಳಿ ತೂರಿದ ಸಂದುಗಳಿಂದ ಹೊರಬರುತ್ತದೆ.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ಬೆಂಗಳೂರಿನ ಒಂದು ಸಾಮೂಹಿಕ ಪ್ರದರ್ಶನದಲ್ಲಿ ಕಂಬಗಳು ಗಮನ ಸೆಳೆದವು, ಕೆಲವು ಮಾರಾಟವಾದವು. ಜೊತೆಗೆ ಹಳೆಯ ಕಾಯಿಲೆಯೂ ಬಂತು: ಪರಿಚಯ ಪತ್ರಿಕೆಯ ಕರಡಿನಲ್ಲಿ ‘ಆದಿಮ ಶಕ್ತಿ’, ‘ಕಾಡಿನ ಮುಗ್ಧ ಪ್ರತಿಭೆ’ ಎಂಬ ಮಾತುಗಳಿದ್ದವು. ಅವನ್ನು ತೆಗೆಸಿ, ಬಡಗಿ ಕೆಲಸ, ಗುಡಿಗಾರರ ಬಳಿಯ ಕಲಿಕೆ, ಸೋದರಮಾವನ ಡಮಾಮ್ ವಿದ್ಯೆ, ಚಿಕ್ಕಮ್ಮನ ಕೌದಿ, ಮಕೊಂಡೆ ಕಂಬಗಳ ಪ್ರಭಾವ ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಬರೆಸಿದೆವು. ಮಾವನ ಹೆಸರು ಪ್ರತಿ ಕಂಬದ ಚೀಟಿಯಲ್ಲಿ ಇರುತ್ತದೆ, ದಿಂಡು ಬಗೆದ ಕೂಲಿ ಮಾರಾಟಕ್ಕೆ ಕಾಯದೆ ಮೊದಲೇ ಸಲ್ಲುತ್ತದೆ. ಕಲಿಸಿದವರನ್ನು ಅಳಿಸಿದರೆ ಶಿಲ್ಪಿ ಪವಾಡದಂತೆ ಕಾಣುತ್ತಾರೆ. ಪವಾಡಕ್ಕೆ ಗಿರಾಕಿಗಳು ಕೊಡುವ ಬೆಲೆ ಹೆಚ್ಚಿರಬಹುದು, ಆದರೆ ಊರಿನಲ್ಲಿ ಅದಕ್ಕೆ ತೆರಬೇಕಾದ ಬೆಲೆ ಬೇರೆ.

ಮುಖವಾಡ ನಿಲ್ಲಲಿಲ್ಲ. ಮುಖವಾಡಕ್ಕೆ ಎರಡು ದಿನ ಸಾಕು, ಕಂಬಕ್ಕೆ ತಿಂಗಳುಗಳು ಬೇಕು. ಮಕ್ಕಳ ಶಾಲೆ, ಕಿರಾಣಿ ಅಂಗಡಿಯ ಲೆಕ್ಕ ತಿಂಗಳುಗಟ್ಟಲೆ ಕಾಯುವುದಿಲ್ಲ. ಅದನ್ನು ನಿಲ್ಲಿಸಿ ಎಂದು ಸಂಬಳದ ಕೆಲಸದಲ್ಲಿರುವವರು ಹೇಳುವುದು ಸುಲಭ. ಬದಲಾದದ್ದು ಚೀಟಿ: ಯಾವ ಜನರ ಯಾವ ಮುಖವಾಡವನ್ನು ನೋಡಿ ಮಾಡಿದ್ದು, ಅದನ್ನು ಉತ್ತರ ಕನ್ನಡದ ಸಿದ್ದಿ ಕೆತ್ತನೆಗಾರರೊಬ್ಬರು ಮಾಡಿದ್ದು ಎಂದು ಈಗ ಸ್ಪಷ್ಟವಾಗಿರುತ್ತದೆ. ಬೆಂಗಳೂರಿನ ಅಂಗಡಿ ಈ ಚೀಟಿಯನ್ನು ಒಪ್ಪದೆ ಆರ್ಡರ್ ನಿಲ್ಲಿಸಿತು. ಹೋಂಸ್ಟೇಯವರು ಒಪ್ಪಿದರು, ಅತಿಥಿಗಳು ಚೀಟಿಯನ್ನು ಓದಿ ಪ್ರಶ್ನೆ ಕೇಳುತ್ತಾರೆಂದು ಅವರಲ್ಲೊಬ್ಬರು ನಕ್ಷೆಯನ್ನೂ ಪಕ್ಕದಲ್ಲಿ ತೂಗುಹಾಕಿದ್ದಾರೆ. ಒಟ್ಟು ಆದಾಯದಲ್ಲಿ ಅಂಗಡಿ ಹೋದ ನಷ್ಟ ಇನ್ನೂ ತುಂಬಿಲ್ಲ, ಮುಂಗಡ ಪಡೆಯದೆ ಕಂಬಕ್ಕೆ ಉಳಿ ಹಚ್ಚುವುದಿಲ್ಲ ಎಂಬ ನಿಯಮ ಮಾತ್ರ ಗಟ್ಟಿಯಾಗಿದೆ.

ಇಂಥ ಕಲಾವಿದರೊಂದಿಗೆ ಕೆಲಸ ಮಾಡುವವರು ಗಮನಿಸಬೇಕಾದದ್ದು, ನನ್ನ ತಿಳಿವಿನಂತೆ, ‘ನಿಮ್ಮ ನಿಜವಾದ ಪರಂಪರೆ ಯಾವುದು’ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಯಾರಿಗಿದೆ ಎಂಬುದನ್ನು. ಮೂಲದ ಊರಿನ ಹೆಸರನ್ನೇ ಕಸಿದುಕೊಂಡ ಚರಿತ್ರೆಯ ನಂತರ, ಫೋನಿನಲ್ಲಿ ಸಿಕ್ಕ ಗ್ಯಾಬನ್ನಿನ ಮುಖದಲ್ಲಿ ತನ್ನವರನ್ನು ಕಾಣುವುದು ಅಪರಾಧವಲ್ಲ. ಅದನ್ನು ಪ್ರಾಚೀನ ಸಿದ್ದಿ ಪರಂಪರೆಯೆಂದು ಮಾರುವುದು ತಪ್ಪು, ಮತ್ತು ಆ ಚೀಟಿ ಬರೆದದ್ದು ಶಿಲ್ಪಿಯಲ್ಲ. ಡಮಾಮ್, ಕೌದಿಗಳ ಕಡೆಗೆ ಅವರು ತಿರುಗಿದ್ದೂ ನಮ್ಮ ಉಪದೇಶದಿಂದಲ್ಲ, ಮರ ಸೀಳಿದ್ದರಿಂದ. ಬಿರುಕನ್ನು ಬರೀ ತಾಂತ್ರಿಕ ತೊಡಕೆಂದು ತಿಳಿದು ಒಣಗಿಸುವ ಯಂತ್ರವೊಂದನ್ನು ಕೊಡಿಸಿ ಕೈತೊಳೆದುಕೊಂಡಿದ್ದರೆ ಸೋದರಮಾವ ಆ ಜಗಲಿಗೆ ಬರುವ ಪ್ರಮೇಯವೇ ಇರುತ್ತಿರಲಿಲ್ಲ.

ಸದ್ಯ ಒಂದು ವಿಷಯ ಬಗೆಹರಿದಿಲ್ಲ. ವಿದೇಶದ ಸಂಗ್ರಹಾಲಯವೊಂದು ಚರ್ಮ ಬಿಗಿದ, ನುಡಿಸಬಹುದಾದ ಕಂಬವನ್ನೇ ಕೇಳಿದೆ. ಕೊಡುವ ಹಣ ಈವರೆಗಿನ ಯಾವ ಮಾರಾಟಕ್ಕಿಂತಲೂ ಹೆಚ್ಚು. ಶಿಲ್ಪಿಗೆ ಆಸೆಯಿದೆ, ಮಾವನಿಗೆ ಒಪ್ಪಿಗೆಯಿಲ್ಲ. ಊರಿನ ಹಿರಿಯರ ಕೂಟದಲ್ಲಿ ಇಡೋಣವೆಂದು ಇಬ್ಬರೂ ಒಪ್ಪಿದ್ದಾರೆ. ಕಳಿಸುವುದಾದರೆ ಕಾಯಿ ಒಡೆದು ಬಾರಿಸಲು ಊರಿನವರೊಬ್ಬರನ್ನೂ ಸಂಗ್ರಹಾಲಯ ತನ್ನ ಖರ್ಚಿನಲ್ಲೇ ಕರೆಸಿಕೊಳ್ಳಬೇಕು ಎಂಬ ಷರತ್ತನ್ನು ಚಿಕ್ಕಮ್ಮ ಈಗಾಗಲೇ ಮುಂದಿಟ್ಟಿದ್ದಾರೆ, ಅದನ್ನು ಪತ್ರದಲ್ಲಿ ಬರೆದು ಸಂಗ್ರಹಾಲಯಕ್ಕೆ ಕಳಿಸಿದ್ದೇವೆ.